ಹೇಮಾವತಿ ಹಿನ್ನೀರಿನಲ್ಲಿ ಗಾಳ ಹಾಕಲು: ದಂಡೆಯೋ, ಹರಿಗೋಲೋ, ಕಯಾಕೋ?

ಗೊರೂರಿನ ಹೇಮಾವತಿ ಜಲಾಶಯ ತುಂಬಿ, ಮಳೆ ಹಿಂದೆಗೆದು, ಹಿನ್ನೀರು ತಿಳಿಯಾಗತೊಡಗುವ ದಸರೆಯ ಆಸುಪಾಸಿನಲ್ಲಿ ಗಾಳದ ಹವ್ಯಾಸವಿರುವ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ದಂಡೆಯಲ್ಲಿ ಕುಳಿತದ್ದು ಸಾಕಾಗಿದೆ, ನೀರಿನ ಮೇಲೆ ಹೋಗಬೇಕು. ಹರಿಗೋಲು ಮಾಡಿಸಲೇ, ಗಾಳಿ ತುಂಬುವ ಕಯಾಕ್ (ಕಿರಿದಾದ, ಉದ್ದನೆಯ ಪುಟ್ಟ ದೋಣಿ) ತರಿಸಲೇ, ಇಲ್ಲವೇ ಇನ್ನಷ್ಟು ಹಣ ಕೂಡಿಟ್ಟು ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕನ್ನೇ ಕೊಳ್ಳಲೇ? ಈ ಬಾರಿ ಆಲೂರು ಕಡೆಯ ಇಬ್ಬರು ಅಣ್ಣತಮ್ಮಂದಿರು, ಚಿಕ್ಕಮಗಳೂರಿನ ಒಬ್ಬ ಶಿಕ್ಷಕಿ ಮತ್ತು ಹಾಸನದಲ್ಲಿ ನೆಲೆಸಿರುವ ಒಬ್ಬ ನಿವೃತ್ತ ನೌಕರರು ಇದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದ್ದಾರೆ. ಅಣ್ಣತಮ್ಮಂದಿರದು ಅದರ ಮೇಲೊಂದು ಪ್ರಶ್ನೆಯೂ ಇದೆ: ಅಮೆರಿಕದ ಪಶ್ಚಿಮ ಕರಾವಳಿಯ ತಣ್ಣನೆಯ ಕಡಲಿನಲ್ಲಿ ಕಯಾಕಿನಿಂದ ಇಳಿದು, ಉಸಿರು ಬಿಗಿಹಿಡಿದು ಮುಳುಗಿ, ಬಂಡೆಗಳ ನಡುವೆ ಅಡಗುವ ರಾಕ್‌ಫಿಶ್ ಮೀನನ್ನು ಈಟಿಯಿಂದ ಹಿಡಿಯುವವರ ವಿಡಿಯೊಗಳನ್ನು ನೋಡಿ, ಅದನ್ನು ನಮ್ಮ ಹಿನ್ನೀರಿನಲ್ಲಿಯೂ ಮಾಡಬಹುದೇ ಎಂದು ಅವರು ಕೇಳಿದ್ದಾರೆ. ಆದ್ದರಿಂದ ನಾಲ್ಕು ಆಯ್ಕೆಗಳ ಜೊತೆಗೆ ಅದನ್ನೂ ತೂಗಿ ನೋಡುತ್ತೇನೆ.

ಯಾವ ಅಳತೆಯಿಂದ ಅಳೆಯಬೇಕು

ಹೆಚ್ಚಿನವರು ಬೆಲೆಯಿಂದ ಶುರುಮಾಡುತ್ತಾರೆ, ಇಲ್ಲವೇ ಯಾವುದರಲ್ಲಿ ಹೆಚ್ಚು ಮೀನು ಸಿಗುತ್ತದೆ ಎಂಬುದರಿಂದ. ನನ್ನ ಮೊದಲ ಅಳತೆ ಬೇರೆ. ದಡದಿಂದ ಇನ್ನೂರು ಮೀಟರು ಒಳಗೆ ಮಗುಚಿಕೊಂಡರೆ, ಬೇರೆ ಯಾರ ನೆರವೂ ಇಲ್ಲದೆ, ಒದ್ದೆ ಬಟ್ಟೆಯಲ್ಲಿ, ಏದುಸಿರು ಬಿಡುತ್ತಿರುವಾಗ ನಾನು ಅದರ ಮೇಲೆ ಮತ್ತೆ ಹತ್ತಬಲ್ಲೆನೇ? ಈ ಪ್ರಶ್ನೆಗೆ ಹೌದು ಎನ್ನಲಾಗದ ಯಾವುದೇ ದೋಣಿಯಲ್ಲಿ ಒಂಟಿಯಾಗಿ ದೂರ ಹೋಗಬಾರದು. ಎರಡನೆಯದು ಗಾಳಿ: ಎದುರು ಗಾಳಿಗೆ ಹುಟ್ಟು ಹಾಕಿಕೊಂಡು ಹೊರಟ ಜಾಗಕ್ಕೇ ಮರಳಬಹುದೇ? ಮೂರನೆಯದು ಸಾಗಣೆ, ಏಕೆಂದರೆ ಮನೆಯಿಂದ ನೀರಿನವರೆಗೆ ಒಯ್ಯಲಾಗದ ದೋಣಿ ಎರಡು ವಾರದ ನಂತರ ಅಟ್ಟ ಸೇರುತ್ತದೆ. ನಾಲ್ಕನೆಯದು ನೀವು ಹಿಡಿಯಬಯಸುವ ಮೀನು. ಹಣ ಐದನೆಯದು, ಅದನ್ನು ಕೊಳ್ಳುವ ದಿನದ ಬೆಲೆಯಾಗಿ ಮಾತ್ರ ನೋಡದೆ ಲೈಫ್ ಜಾಕೆಟ್, ಹುಟ್ಟು, ದುರಸ್ತಿ, ವಾಹನದ ಕ್ಯಾರಿಯರ್ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಬೇಕು.

ಈ ಐದಕ್ಕೂ ಮೊದಲು ಅನುಮತಿಯ ವಿಷಯವಿದೆ. ಕರ್ನಾಟಕದಲ್ಲಿ ಒಳನಾಡು ಮೀನುಗಾರಿಕೆಯನ್ನು 1996ರ ಅಧಿನಿಯಮವೊಂದು ನಿಯಂತ್ರಿಸುತ್ತದೆ. ಕೆರೆಗಳ ಮೀನು ಪಾಶುವಾರು ಹಕ್ಕನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇರುವುದರಿಂದ, ಊರ ಕೆರೆಯಲ್ಲವೇ ಎಂದು ಗಾಳ ಹಾಕಿದರೆ, ಮರಿ ಬಿಟ್ಟು ಸಾಕಿದವರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ. ಜಲಾಶಯದಲ್ಲಾದರೆ ಪರವಾನಗಿ ಯಾರಿಂದ ಪಡೆಯಬೇಕು, ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವ ಯಾವ ತಿಂಗಳುಗಳಲ್ಲಿ ಹಿಡಿಯಬಾರದು ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಅಣೆಕಟ್ಟೆಯ ಹತ್ತಿರದ ನೀರಿಗೆ ಇಳಿಯುವ ಯೋಚನೆಯನ್ನೇ ಮಾಡಬಾರದು. ಚಿಕ್ಕಮಗಳೂರಿನವರಿಗೆ ಇನ್ನೊಂದು ಮಾತು. ಲಕ್ಕವಳ್ಳಿಯ ಭದ್ರಾ ಹಿನ್ನೀರು ಎಷ್ಟೇ ಕೈಬೀಸಿ ಕರೆದರೂ, ಅದಕ್ಕೆ ಅಂಟಿಕೊಂಡಿರುವುದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಅಭಯಾರಣ್ಯದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧವಾಗುತ್ತದೆ. ಅಲ್ಲಿನ ನಡುಗಡ್ಡೆಗಳಲ್ಲಿ ಬೇಸಿಗೆಗೆ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಒಂದು ದೋಣಿ ಹತ್ತಿರ ಸುಳಿದರೂ ತಾಯಿ ಹಕ್ಕಿಗಳು ಎದ್ದು, ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ಶೃಂಗೇರಿಯ ತುಂಗೆಯ ದೇವರ ಮೀನುಗಳನ್ನು ಹಿಡಿಯುವಂತಿಲ್ಲ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ನಮ್ಮ ನೀರಿನ ಸ್ವಭಾವ

ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಕಡೆ ಹುಟ್ಟುವ ಹೇಮಾವತಿ, ಸಕಲೇಶಪುರದ ಮಳೆಯನ್ನೆಲ್ಲ ಹೊತ್ತು ತಂದು ಗೊರೂರಿನಲ್ಲಿ ನಿಲ್ಲುತ್ತದೆ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ, ಸಂಗ್ರಹ ಸುಮಾರು 37 ಟಿಎಂಸಿ. ಈ ಮಟ್ಟ ವರ್ಷದುದ್ದಕ್ಕೂ ಒಂದೇ ಆಗಿರುವುದಿಲ್ಲ ಎಂಬುದು ದೋಣಿ ಕೊಳ್ಳುವವರು ಮನಸ್ಸಿನಲ್ಲಿಡಬೇಕಾದ ಸಂಗತಿ. ಜುಲೈ, ಆಗಸ್ಟ್‌ನಲ್ಲಿ ತುಂಬುತ್ತದೆ, ನಾಲೆಗಳಿಗೆ ನೀರು ಹರಿದಂತೆ ಇಳಿಯುತ್ತದೆ, ಏಪ್ರಿಲ್ ಹೊತ್ತಿಗೆ ಅಂಚು ಬಹಳ ಹಿಂದೆ ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಶೆಟ್ಟಿಹಳ್ಳಿಯ ಹಳೆಯ ಚರ್ಚು ನಮಗೆಲ್ಲ ಇದರ ಅಳತೆಗಲ್ಲಿದ್ದಂತೆ: ಮಳೆಗಾಲದಲ್ಲಿ ಗೋಡೆಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುವ ಆ ಕಟ್ಟಡದ ಸುತ್ತ ಬೇಸಿಗೆಯಲ್ಲಿ ಜನ ನಡೆದಾಡುತ್ತಾರೆ. ಹಾಸನದ ದಿನಪತ್ರಿಕೆ ಓದುಗರಿಗೆ ಜಲಾಶಯದ ದಿನದ ಮಟ್ಟ ಮನೆ ಬಾಗಿಲಿಗೇ ಬರುತ್ತದೆ. ಅದನ್ನು ನೋಡದೆ ಹೊರಡಬಾರದು.

ಗಾಳಿಯ ವಿಷಯಕ್ಕೆ ಬಂದರೆ, ಚಳಿಗಾಲದ ಬೆಳಿಗ್ಗೆ ಎಂಟು ಗಂಟೆಗೆ ಕನ್ನಡಿಯಂತಿರುವ ನೀರು ಹನ್ನೊಂದರ ಹೊತ್ತಿಗೆ ಮೂಡಲ ಗಾಳಿಗೆ ಕದಡಿ ಅಲೆಯೆದ್ದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹಿನ್ನೀರಿನ ಚಾಚು ಉದ್ದವಾಗಿರುವುದರಿಂದ ಗಾಳಿಗೆ ಓಡಲು ಜಾಗ ಹೆಚ್ಚು, ಓಡಿದಷ್ಟೂ ಅಲೆ ಬೆಳೆಯುತ್ತದೆ. ಹೊರಡುವಾಗ ಬೆನ್ನ ಹಿಂದಿನ ಗಾಳಿ ಹಿತವೆನಿಸಿದರೆ ಎಚ್ಚರಗೊಳ್ಳಬೇಕು, ಏಕೆಂದರೆ ಮರಳುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಹೋಗುವಾಗ ಎದುರು ಗಾಳಿಗೆ ಹೋಗಿ, ಬರುವಾಗ ಅದರ ಜೊತೆಗೆ ಬರುವಂತೆ ಜಾಗ ಆರಿಸಿಕೊಳ್ಳುವುದು ಯಾವ ದೋಣಿಗಾದರೂ ಸರಿಯಾದ ಕ್ರಮ.

ಚಳಿಯನ್ನು ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆ ಹಾಸನದಲ್ಲಿ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಹಿನ್ನೀರು ಅದಕ್ಕಿಂತ ಬೆಚ್ಚಗಿದ್ದರೂ, ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಹಠಾತ್ತನೆ ನೀರಿಗೆ ಬಿದ್ದವರು ಮೊದಲ ನಿಮಿಷದಲ್ಲಿ ತಮಗರಿವಿಲ್ಲದೆಯೇ ಬಾಯ್ದೆರೆದು ಉಸಿರೆಳೆದುಕೊಳ್ಳುತ್ತಾರೆ; ಆ ಗಳಿಗೆಯಲ್ಲಿ ಮುಖ ನೀರಿನೊಳಗಿದ್ದರೆ ಈಜು ಬಲ್ಲವರೂ ನೀರು ಕುಡಿಯುತ್ತಾರೆ. ಆದ್ದರಿಂದಲೇ ಲೈಫ್ ಜಾಕೆಟ್ಟನ್ನು ದೋಣಿಯಲ್ಲಿ ಇಟ್ಟುಕೊಳ್ಳದೆ ಮೈಮೇಲೆ ತೊಟ್ಟು ಗುಂಡಿ ಹಾಕಿಕೊಳ್ಳಬೇಕು. ಕೊಳ್ಳುವಾಗ ಅದರ ಮೇಲೆ ಬರೆದಿರುವ ನ್ಯೂಟನ್ ಸಂಖ್ಯೆಯನ್ನು ನೋಡಿ: 50 ಎಂದಿರುವುದು ಈಜು ಬಲ್ಲವರಿಗೆ ಆಸರೆ ಕೊಡುವಂಥದ್ದು, ಈಜು ಬಾರದವರಿಗೆ 100 ಅಥವಾ ಅದಕ್ಕಿಂತ ಹೆಚ್ಚಿನದು ಬೇಕು. ತೊಡೆಗಳ ನಡುವೆ ಬಿಗಿಯುವ ಪಟ್ಟಿಯಿದ್ದರೆ ನೀರಿನಲ್ಲಿ ಜಾಕೆಟ್ ಕಿವಿಯವರೆಗೆ ಮೇಲೇರುವುದಿಲ್ಲ.

ದಂಡೆ

ದಂಡೆಯನ್ನು ಒಂದು ಆಯ್ಕೆಯಾಗಿ ಯಾರೂ ಎಣಿಸುವುದಿಲ್ಲ. ಅದು ದೋಣಿ ಇಲ್ಲದವರ ಪಾಡು ಎಂಬ ಭಾವನೆ ಇದೆ. ನಾನು ಹಾಗೆ ನೋಡುವುದಿಲ್ಲ. ಜಿಲೇಬಿ ಎಂದು ನಾವು ಕರೆಯುವ ತಿಲಾಪಿಯಾ, ಕಾಮನ್ ಕಾರ್ಪ್, ಮೃಗಾಲ್ ಇವೆಲ್ಲ ಆಳವಿಲ್ಲದ ಅಂಚಿಗೆ ಮೇಯಲು ಬರುತ್ತವೆ. ಕೊರವ ಎಂದೋ ಕುಚ್ಚು ಎಂದೋ ಕರೆಯುವ ಮೀನಂತೂ ಜೊಂಡು, ಮುಳುಗಿದ ಬೇಲಿ, ಮರದ ಬೊಡ್ಡೆಗಳ ಸಂದಿಯಲ್ಲೇ ಇರುತ್ತದೆ. ಅದು ಗಾಳಿಯನ್ನೂ ಉಸಿರಾಡುವುದರಿಂದ ಆಗಾಗ ಮೇಲೆ ಬಂದು ಗುಳ್ಳೆ ಬಿಟ್ಟು ತಾನಿರುವ ಜಾಗವನ್ನು ತೋರಿಸಿಕೊಡುತ್ತದೆ. ಎರೆಹುಳು ಅಥವಾ ರಾಗಿ ಹಿಟ್ಟಿನ ಉಂಡೆ, ಒಂದು ಬೆಂಡು, ಸಾಧಾರಣ ಕೋಲು ಮತ್ತು ರೀಲು ಇದ್ದರೆ ಕೆಲವು ಸಾವಿರ ರೂಪಾಯಿಯೊಳಗೆ ಇಡೀ ಋತುವಿನ ಕೆಲಸ ನಡೆಯುತ್ತದೆ. ಕಾಟ್ಲಾ ಮಾತ್ರ ಮೇಲಿನ ಪದರದಲ್ಲಿ, ಬಹಳ ಸಲ ತೆರೆದ ನೀರಿನಲ್ಲಿ ಮೇಯುವ ಮೀನಾದ್ದರಿಂದ, ದಂಡೆಯಿಂದ ಅದನ್ನು ತಲುಪಲು ದೂರ ಎಸೆಯುವ ಉದ್ದನೆಯ ಕೋಲು ಮತ್ತು ಕಡಲೆಕಾಯಿ ಹಿಂಡಿಯ ಉಂಡೆ ಬೇಕಾಗುತ್ತವೆ, ತಾಳ್ಮೆಯೂ ಬೇಕಾಗುತ್ತದೆ.

ದಂಡೆಯ ಕುಂದುಗಳು ಎರಡು. ಬೇಸಿಗೆಯಲ್ಲಿ ನೀರಿನ ಅಂಚು ಹಿಂದೆ ಸರಿದಾಗ ಒಣಗಿದಂತೆ ಕಾಣುವ ಹೂಳು ಮೊಣಕಾಲವರೆಗೆ ಹೀರಿಕೊಳ್ಳುತ್ತದೆ; ದನಗಳ ಹೆಜ್ಜೆ ಮೂಡಿರುವ ದಾರಿಯನ್ನು ಬಿಟ್ಟು ಹೋಗಬಾರದು. ಆಲೂರು, ಸಕಲೇಶಪುರ ಕಡೆಯ ಹಿನ್ನೀರಿಗೆ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಕಾಡಾನೆಗಳು ನೀರಿಗೆ ಇಳಿಯುತ್ತವೆ ಎಂಬುದು ಇನ್ನೊಂದು. ಮೀನು ಚೆನ್ನಾಗಿ ಕಚ್ಚುವ ಹೊತ್ತೂ ಅದೇ. ಆನೆಗಳ ಸುಳಿವಿರುವ ಊರಿನಲ್ಲಿ ಬೆಳಕು ಪೂರ್ತಿ ಹರಿದ ಮೇಲೆ ಹೋಗಿ, ಸೂರ್ಯ ಮುಳುಗುವ ಮುಂಚೆ ಏಳುವುದೇ ಸರಿ. ಆ ಒಂದು ಗಂಟೆಯ ಮೀನು ಹೋದರೆ ಹೋಗಲಿ.

ಹರಿಗೋಲು

ಬಿದಿರಿನ ದಬ್ಬೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆಯನ್ನೂ ಹೊದಿಸಿ ಡಾಂಬರು ಬಳಿದು ಮಾಡುವ ಹರಿಗೋಲು ನಮ್ಮ ನೀರಿಗಾಗಿಯೇ ಹುಟ್ಟಿದ್ದು. ಗೇಣುದ್ದ ನೀರಿದ್ದರೂ ತೇಲುತ್ತದೆ, ಮುಳುಗಿದ ಬೊಡ್ಡೆಯ ಮೇಲೆ ಕೂತರೂ ತಿರುಗಿಸಿ ಬಿಡಿಸಿಕೊಳ್ಳಬಹುದು, ಒಬ್ಬರೇ ಬೋರಲು ಹಾಕಿ ತಲೆಯ ಮೇಲೆ ಹೊತ್ತು ನಡೆಯಬಹುದು. ಇಬ್ಬರು ಕುಳಿತು ನಡುವೆ ಬುಟ್ಟಿ ಇಟ್ಟುಕೊಂಡರೂ ಜಾಗ ಉಳಿಯುತ್ತದೆ. ಬಲೆ ಬಿಡುವವರಿಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ. ಬದಿಗೆ ಬಾಗಿ ಬಲೆ ಎಳೆಯುವಾಗ ಅದರ ಅಗಲವೇ ಆಸರೆ.

ಆದರೆ ಗಾಳದವರಿಗೆ ಇದು ಹೊಂದುತ್ತದೆಯೇ ಎಂಬಲ್ಲಿ ನನ್ನ ಉತ್ಸಾಹ ತಗ್ಗುತ್ತದೆ. ತಳ ಚಪ್ಪಟೆ, ಆಕಾರ ದುಂಡು, ನೇರ ಸಾಗಲು ಬೇಕಾದ ಬೆನ್ನೇಣು ಇಲ್ಲ. ಮುಂದೆ ಬಾಗಿ ನೀರನ್ನು ತನ್ನತ್ತ ಸೆಳೆದುಕೊಳ್ಳುವ ಆ ಹುಟ್ಟಿನ ಕೈಚಳಕ ಒಂದೆರಡು ದಿನದಲ್ಲಿ ಬರುವಂಥದ್ದಲ್ಲ. "ಗಾಳಿ ಎದ್ದ ಮೇಲೆ ಹರಿಗೋಲಿಗೆ ಮುಂದು ಹಿಂದು ಇರಲ್ಲ ಅಣ್ಣ, ಅದು ಹೋದ ಕಡೆ ನಾವು ಹೋಗಬೇಕು" ಎಂದು ಹಿನ್ನೀರಿನಲ್ಲೇ ಕೂದಲು ನರೆತ ಒಬ್ಬ ಮೀನುಗಾರರು ನನಗೆ ಹೇಳಿದ್ದರು. ಒಂಟಿಯಾಗಿ ಗಾಳ ಹಾಕುವವನ ಎರಡೂ ಕೈ ಕೋಲಿನ ಮೇಲಿರುವಾಗ ಹರಿಗೋಲು ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ, ದಾರ ಸುತ್ತಿಕೊಳ್ಳುತ್ತದೆ. ಮೊದಲ ಅಳತೆಯಲ್ಲಿ ಅದು ಪೂರ್ತಿ ಸೋಲುತ್ತದೆ: ನೀರಿನಿಂದ ಅದರ ಅಂಚು ಹಿಡಿದು ಹತ್ತಲು ಹೋದರೆ ಅಂಚೇ ಬಾಗಿ ಒಳಗೆ ನೀರು ಸುರಿಯುತ್ತದೆ. ಬಿದಿರಿನದಾದರೆ ನೀರು ತುಂಬಿದರೂ ಹಿಡಿದು ತೇಲಲು ಸ್ವಲ್ಪ ಆಸರೆಯಾದೀತು; ಒಳಗೆ ಗಾಳಿಯ ಕೋಶವಿಲ್ಲದ ಫೈಬರ್ ಹರಿಗೋಲು ನೀರು ತುಂಬಿದರೆ ತಳ ಕಾಣುತ್ತದೆ.

ಹಾಗಾಗಿ ಹರಿಗೋಲನ್ನು ಕೊಳ್ಳುವುದಕ್ಕಿಂತ, ಅದನ್ನು ಬಲ್ಲವರ ಜೊತೆ ಹೋಗುವುದು ಉತ್ತಮ. ಪರವಾನಗಿ ಇರುವ ಮೀನುಗಾರರಿಗೆ ಅರ್ಧ ದಿನದ ಕೂಲಿಯನ್ನು ಸರಿಯಾಗಿ ಕೊಟ್ಟು, ಅವರು ಹುಟ್ಟು ಹಾಕುವಾಗ ನೀವು ಗಾಳ ಹಾಕಿ. ಮೀನು ಎಲ್ಲಿ ನಿಲ್ಲುತ್ತದೆ, ಯಾವ ಬಲೆ ಎಲ್ಲಿ ಕಟ್ಟಿದೆ, ಯಾವ ಕೊಲ್ಲಿಯಲ್ಲಿ ಗಾಳಿ ತಟ್ಟುವುದಿಲ್ಲ ಎಂಬುದನ್ನು ನಾಲ್ಕು ಗಂಟೆಯಲ್ಲಿ ಕಲಿಯುತ್ತೀರಿ. ಅಷ್ಟನ್ನು ಕಯಾಕಿನಲ್ಲಿ ಒಬ್ಬರೇ ಕಲಿಯಲು ಎರಡು ವರ್ಷ ಬೇಕು.

ಗಾಳಿ ತುಂಬುವ ಕಯಾಕ್

ಮಡಚಿ ಚೀಲಕ್ಕೆ ಹಾಕಿದರೆ ಹತ್ತರಿಂದ ಹದಿನೈದು ಕಿಲೋ ತೂಗುವ, ಸ್ಕೂಟರಿನಲ್ಲಿ ಒಯ್ಯಬಹುದಾದ, ಬಾಡಿಗೆ ಮನೆಯ ಮಂಚದ ಕೆಳಗೆ ಇಡಬಹುದಾದ ಕಯಾಕ್ ಎಂದರೆ ಇದೊಂದೇ. ಹಾಸನದಿಂದ ಹೊರಟು ನೀರಿನ ಬಳಿ ಕಾಲು ಗಂಟೆ ಪಂಪು ಹೊಡೆದರೆ ದೋಣಿ ಸಿದ್ಧ. ಗಾಳಿಯ ಕೋಶಗಳು ಬೇರೆ ಬೇರೆ ಇರುವುದರಿಂದ ಒಂದು ತೂತಾದರೂ ಉಳಿದವು ತೇಲಿಸುತ್ತವೆ. ಬದಿಗಳು ದಪ್ಪವಾಗಿ ಅಗಲವಾಗಿರುವುದರಿಂದ ಸುಲಭವಾಗಿ ಮಗುಚುವುದೂ ಇಲ್ಲ.

ಇದರ ದೌರ್ಬಲ್ಯವನ್ನು ನಾನು ಮೈಮೇಲೆ ಅನುಭವಿಸಿ ತಿಳಿದೆ. ಕೆಲವು ವರ್ಷಗಳ ಹಿಂದೆ ನವೆಂಬರಿನ ಒಂದು ಭಾನುವಾರ, ಗಾಳಿ ಬೀಳುವ ಸೂಚನೆ ಇಲ್ಲದಿದ್ದರೂ ಇನ್ನೊಂದು ಕಾಟ್ಲಾ ಸಿಕ್ಕೀತು ಎಂಬ ಆಸೆಗೆ ಹತ್ತೂವರೆಯವರೆಗೆ ನಿಂತೆ. ಗಾಳಿ ತುಂಬುವ ಕಯಾಕ್ ನೀರಿನ ಮೇಲೆ ಹೆಚ್ಚು, ನೀರಿನೊಳಗೆ ಕಡಿಮೆ ಇರುವುದರಿಂದ ಬೀಸುವ ಗಾಳಿಗೆ ಎಲೆಯಂತೆ ಓಡುತ್ತದೆ. ಮುಕ್ಕಾಲು ಗಂಟೆ ಹುಟ್ಟು ಹಾಕಿದರೂ ಹೊರಟ ದಡ ಹತ್ತಿರವಾಗಲಿಲ್ಲ. ಕೊನೆಗೆ ಹೋರಾಟ ಬಿಟ್ಟು ಗಾಳಿಯ ಜೊತೆಗೆ ಆಚೆ ದಡ ಸೇರಿ, ಕಯಾಕನ್ನು ಮಡಚಿ ಹೊತ್ತು, ಊರೊಂದನ್ನು ತಲುಪಿ, ಬಸ್ಸು ಹಿಡಿದು ವಾಹನ ನಿಲ್ಲಿಸಿದ್ದಲ್ಲಿಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ಗಾಳಿಯ ಜೊತೆಗೆ ಹೋಗುವ ತೀರ್ಮಾನ ಸರಿಯಾಗಿತ್ತು, ಅಷ್ಟು ಹೊತ್ತು ನಿಂತದ್ದು ತಪ್ಪಾಗಿತ್ತು. ಆ ದಿನದಿಂದ ಇಂಥ ಕಯಾಕಿನಲ್ಲಿ ಹೋಗುವವರಿಗೆ ಒಂದೇ ನಿಯಮ ಹೇಳುತ್ತೇನೆ: ಕೂಗಿದರೆ ದಡದವರಿಗೆ ಕೇಳಿಸುವ ದೂರ ಮೀರಬಾರದು, ಒಂಬತ್ತೂವರೆಗೆ ಹಿಂದಿರುಗಬೇಕು. ತಳಕ್ಕೆ ಸಿಕ್ಕಿಸುವ ರೆಕ್ಕೆ ಇರುವ ಮಾದರಿಯನ್ನೇ ಆರಿಸಿ. ಅದಿಲ್ಲದಿದ್ದರೆ ನೇರ ಸಾಗುವುದಿಲ್ಲ.

ಮುಳ್ಳು, ಬೊಡ್ಡೆ, ಜಿಲೇಬಿಯ ಬೆನ್ನಿನ ಮುಳ್ಳು, ನಿಮ್ಮದೇ ಗಾಳದ ಮೊನೆ, ಇವೆಲ್ಲ ಇದರ ಶತ್ರುಗಳು. ಹಿಡಿದ ಮೀನನ್ನು ನೇರ ತಳಕ್ಕೆ ಹಾಕದೆ ದಪ್ಪ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಹಾಕಬೇಕು. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದರಿಂದ ದಡಕ್ಕೆ ಎಳೆದು ಊಟಕ್ಕೆ ಕೂರುವಾಗ ಸ್ವಲ್ಪ ಗಾಳಿ ಬಿಡಬೇಕು, ಇಲ್ಲವಾದರೆ ಹೊಲಿಗೆ ಬಿಡುತ್ತದೆ. ಒದ್ದೆಯಲ್ಲೇ ಮಡಚಿಟ್ಟರೆ ಮಲೆನಾಡಿನ ತೇವಕ್ಕೆ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ.

ಗಟ್ಟಿ ಕಯಾಕ್

ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕಿನಲ್ಲಿ ಎರಡು ಜಾತಿ: ಒಳಗೆ ಕಾಲು ತೂರಿಸಿ ಕೂರುವುದು ಮತ್ತು ಮೇಲೆ ಕೂರುವುದು. ಗಾಳದವರು ಮೊದಲನೆಯದನ್ನು ಮರೆತುಬಿಡಬಹುದು, ಏಕೆಂದರೆ ಮಗುಚಿದರೆ ಒಳಗೆ ನೀರು ತುಂಬುತ್ತದೆ, ನಡುನೀರಿನಲ್ಲಿ ಅದನ್ನು ಖಾಲಿ ಮಾಡುವುದು ಅಭ್ಯಾಸವಿಲ್ಲದವರಿಗೆ ಆಗದ ಕೆಲಸ. ಮೇಲೆ ಕೂರುವುದು ಮುಚ್ಚಿದ ಕೊಡದಂತೆ. ಕೂರುವ ಜಾಗದಲ್ಲಿ ತಳದವರೆಗೆ ತೂತುಗಳಿದ್ದು, ಬಿದ್ದ ನೀರು ತಾನಾಗಿ ಇಳಿದುಹೋಗುತ್ತದೆ. ಮಗುಚಿದರೆ ಅದನ್ನು ನೆಟ್ಟಗೆ ತಿರುಗಿಸಿ, ನಡುಭಾಗವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲುಗಳನ್ನು ಹಿಂದೆ ಚಾಚಿ ಈಜುವಂತೆ ಒದ್ದು, ಹೊಟ್ಟೆಯ ಮೇಲೆ ಜಾರಿ ಹತ್ತಿ, ಆಮೇಲೆ ಹೊರಳಿ ಕೂರಬಹುದು. ಎದೆಮಟ್ಟದ ನೀರಿನಲ್ಲಿ ಹತ್ತು ಸಲ ಅಭ್ಯಾಸ ಮಾಡಿದರೆ ಹೆಚ್ಚಿನವರಿಗೆ ಬರುತ್ತದೆ. ನನ್ನ ಮೊದಲ ಅಳತೆಯಲ್ಲಿ ಪೂರ್ತಿ ಗೆಲ್ಲುವುದು ಇದೊಂದೇ.

ಹತ್ತಡಿ ಉದ್ದ, ಮೂವತ್ತೆರಡು ಇಂಚಿನ ಆಸುಪಾಸಿನ ಅಗಲವಿರುವುದು ನಮ್ಮ ಹಿನ್ನೀರಿಗೆ ಸರಿ. ಅದಕ್ಕಿಂತ ಉದ್ದವಾದದ್ದು ವೇಗವಾಗಿ ಸಾಗಿದರೂ ಬೊಡ್ಡೆಗಳ ನಡುವೆ ತಿರುಗಿಸಲು ಕಷ್ಟ. ಗಿಡ್ಡದ್ದು ಗಾಳಿಗೆ ಮೂತಿ ತಿರುಗಿಸುತ್ತದೆ. ಹೊರಬಲ್ಲ ತೂಕ ಎಷ್ಟೆಂದು ಬರೆದಿರುತ್ತಾರೋ ಅದರ ಮುಕ್ಕಾಲು ಭಾಗದೊಳಗೆ ನೀವು, ನಿಮ್ಮ ಸಾಮಾನು, ಮೀನು ಎಲ್ಲ ಇರಬೇಕು. ಕಯಾಕಿನದೇ ತೂಕ ಇಪ್ಪತ್ತೈದು ಕಿಲೋ ಸುಮಾರು. ತೊಂದರೆ ಇಲ್ಲಿಯೇ ಶುರುವಾಗುವುದು: ಕಾರಿನ ಮೇಲೆ ಕ್ಯಾರಿಯರ್ ಬೇಕು, ಅಥವಾ ತೋಟದ ಪಿಕಪ್ಪು ಬೇಕು, ಮನೆಯಲ್ಲಿ ನೆರಳಿರುವ ಉದ್ದನೆಯ ಜಾಗ ಬೇಕು, ಏಕೆಂದರೆ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ವರ್ಷಗಳಲ್ಲಿ ಸೀಳುತ್ತದೆ. ಬೇಸಿಗೆಯಲ್ಲಿ ನೀರಿನ ಅಂಚಿಗೂ ವಾಹನಕ್ಕೂ ನಡುವೆ ಅರ್ಧ ಕಿಲೋಮೀಟರು ಹೂಳಿದ್ದರೆ ಒಬ್ಬರೇ ಎಳೆದೊಯ್ಯುವುದು ಅಸಾಧ್ಯ. ಬೆಲೆಯೂ ಗಾಳಿ ತುಂಬುವುದರ ಎರಡು ಮೂರು ಪಟ್ಟಾಗುತ್ತದೆ.

ಕಾಲಿನಿಂದ ತುಳಿಯುವ ಪೆಡಲ್ ಕಯಾಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೈ ಎರಡೂ ಬಿಡುವಾಗುವುದು ನಿಜ, ಆದರೆ ತಳದಲ್ಲಿ ಚಾಚಿಕೊಂಡಿರುವ ರೆಕ್ಕೆ ನಮ್ಮ ಬೊಡ್ಡೆಗಳಿಗೆ, ಜೊಂಡಿಗೆ ಸಿಕ್ಕುತ್ತದೆ. ಅಷ್ಟು ಹಣ ಕೊಡುವ ಅಗತ್ಯ ಇಲ್ಲಿ ನನಗೆ ಕಾಣುವುದಿಲ್ಲ.

ಮುಳುಗಿ ಈಟಿಯಿಂದ ಹಿಡಿಯುವುದು

ಅಣ್ಣತಮ್ಮಂದಿರ ಪ್ರಶ್ನೆಗೆ ಬರುತ್ತೇನೆ. ಉತ್ತರ ಕ್ಯಾಲಿಫೋರ್ನಿಯಾದ ಕಡಲಿನ ನೀರು ಹತ್ತರಿಂದ ಹದಿನಾಲ್ಕು ಡಿಗ್ರಿಯಷ್ಟು ತಣ್ಣಗಿರುತ್ತದೆ. ಅಲ್ಲಿನವರು ತಲೆಯನ್ನೂ ಮುಚ್ಚುವ ಐದರಿಂದ ಏಳು ಮಿಲಿಮೀಟರು ದಪ್ಪದ ವೆಟ್‌ಸೂಟ್ ಎಂಬ ರಬ್ಬರಿನ ಉಡುಪು ತೊಟ್ಟು, ಆ ಸೂಟು ತೇಲಿಸುವುದರಿಂದ ಸೊಂಟಕ್ಕೆ ಸೀಸದ ತೂಕ ಕಟ್ಟಿ ಮುಳುಗುತ್ತಾರೆ. ಅವರಿಗೆ ಕಯಾಕ್ ಎಂದರೆ ದಡದಿಂದ ಕಡಲಪಾಚಿಯ ಕಾಡಿನವರೆಗೆ ಹೋಗುವ ವಾಹನ, ಲಂಗರು ಹಾಕಿ ನಿಲ್ಲಿಸುವ ಕಟ್ಟೆ, ಹಿಡಿದ ಮೀನಿಡುವ ಪೆಟ್ಟಿಗೆ. ಈಟಿಗೆ ಒಂದು ನಿಜವಾದ ಗುಣವಿದೆ: ಹೊಡೆಯುವ ಮುಂಚೆ ಮೀನಿನ ಜಾತಿಯನ್ನೂ ಗಾತ್ರವನ್ನೂ ಕಣ್ಣಾರೆ ನೋಡಿ ಆರಿಸಬಹುದು. ರಾಕ್‌ಫಿಶ್ ನಿಧಾನವಾಗಿ ಬೆಳೆದು ದಶಕಗಳ ಕಾಲ, ಕೆಲವು ಜಾತಿಗಳಲ್ಲಿ ನೂರು ವರ್ಷಕ್ಕೂ ಮೀರಿ, ಬದುಕುವ ಮೀನು; ಆಳದಿಂದ ಗಾಳದಲ್ಲಿ ಎಳೆದು ತಂದರೆ ಅದರ ಒಳಗಿನ ಗಾಳಿಚೀಲ ಹಿಗ್ಗಿ, ಮರಳಿ ಬಿಟ್ಟರೂ ಅದು ಒಳಗಿಳಿಯಲಾರದು. ಹಾಗಾಗಿ ಅಲ್ಲಿ ಆರಿಸಿ ಹೊಡೆಯುವುದಕ್ಕೆ ಅರ್ಥವಿದೆ.

ನಮ್ಮ ಹಿನ್ನೀರಿನಲ್ಲಿ ಆ ಗುಣವೇ ಉಳಿಯುವುದಿಲ್ಲ. ಮಣ್ಣು ಬೆರೆತ ನೀರಿನಲ್ಲಿ ಚಾಚಿದ ಕೈಯ ಬೆರಳು ಕಾಣುವುದೇ ಕಷ್ಟವಾಗಿರುವಾಗ ಮೀನನ್ನು ಆರಿಸುವುದೆಲ್ಲಿ ಬಂತು? ಮುಳುಗಿದವರ ಕಣ್ಣಿಗೆ ಬೀಳದ ನೈಲಾನ್ ಬಲೆಗಳು ಅಲ್ಲಲ್ಲಿ ಕಟ್ಟಿರುತ್ತವೆ. ಉಸಿರು ಹಿಡಿದವನ ಕಾಲು ಅದರಲ್ಲಿ ಸಿಕ್ಕಿದರೆ ಬಿಡಿಸಿಕೊಳ್ಳಲು ಇರುವುದು ಕೆಲವೇ ಸೆಕೆಂಡು. ಗಾಳಕ್ಕೆ ಸಿಕ್ಕ ಮರಿಯನ್ನು ಬಿಡಬಹುದು, ಈಟಿ ತಾಗಿದ್ದನ್ನು ಬಿಡಲಾಗದು. ಇದಕ್ಕೆಲ್ಲ ಮೀರಿದ ಅಪಾಯ ಉಸಿರಿನದು. ಹೆಚ್ಚು ಹೊತ್ತು ಇರಬೇಕೆಂದು ಮುಳುಗುವ ಮುಂಚೆ ಬಿರುಸಾಗಿ ಹತ್ತಾರು ಸಲ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ, ಉಸಿರು ಬೇಕೆಂಬ ತುಡಿತವೇ ತಡವಾಗುತ್ತದೆ, ಆದರೆ ಆಮ್ಲಜನಕ ಕರಗುತ್ತಲೇ ಇರುತ್ತದೆ. ಮೇಲೆ ಬರುವಾಗ ನೀರಿನ ಒತ್ತಡ ಇಳಿದಂತೆ ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡವೂ ಕುಸಿದು, ಇನ್ನೇನು ಮೇಲೆ ಬಂದೆ ಎನ್ನುವಷ್ಟರಲ್ಲಿ ಎಚ್ಚರ ತಪ್ಪುತ್ತದೆ. ಇದರ ಮುನ್ಸೂಚನೆ ಸಿಗುವುದಿಲ್ಲ. ಅದಕ್ಕಾಗಿಯೇ ಈ ವಿದ್ಯೆ ಬಲ್ಲವರು ಒಬ್ಬ ಮುಳುಗಿದಾಗ ಇನ್ನೊಬ್ಬ ಮೇಲಿದ್ದು ಕಾಯುವ ನಿಯಮವನ್ನು ಎಂದೂ ಮುರಿಯುವುದಿಲ್ಲ. ಮುಳುಗುವ ಆಸೆಯೇ ಮುಖ್ಯವಾಗಿದ್ದರೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿಯ ತಿಳಿನೀರಿನಲ್ಲಿ, ಕಲಿಸುವವರ ಕೈಕೆಳಗೆ ಮುಳುಗಿ ನೋಡಿ. ಮೀನನ್ನು ಅಲ್ಲಿಯೇ ಇರಲು ಬಿಡಿ.

ಯಾರಿಗೆ ಯಾವುದು

ನಿವೃತ್ತರಿಗೆ ನನ್ನ ಉತ್ತರ ಸಂಕೋಚವಿಲ್ಲದೆ ದಂಡೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಉದ್ದನೆಯ ಕೋಲು, ಬೆನ್ನಿಗೆ ಆಸರೆ ಇರುವ ಮಡಚುವ ಕುರ್ಚಿ ಕೊಳ್ಳಿ; ವರ್ಷಕ್ಕೆ ನಾಲ್ಕು ಸಲ ಹರಿಗೋಲಿನವರೊಡನೆ ಒಳಗೆ ಹೋಗಿ ಬನ್ನಿ.

ಶಿಕ್ಷಕಿಯವರ ಬಳಿ ಸ್ಕೂಟರ್ ಇದೆ, ಭಾನುವಾರ ಮಾತ್ರ ಬಿಡುವು, ಜೊತೆಗೆ ಬರುವವರಿಲ್ಲ. ಸಾಗಣೆಯ ದೃಷ್ಟಿಯಿಂದ ಅವರಿಗೆ ಗಾಳಿ ತುಂಬುವುದು ಬಿಟ್ಟರೆ ಬೇರೆ ಇಲ್ಲ, ಆದರೆ ಒಂಟಿಯಾಗಿರುವುದರಿಂದ ಗೊರೂರಿನ ವಿಶಾಲವಾದ ನೀರು ಅವರಿಗೆ ಬೇಡ. ಪಾಶುವಾರು ಹಕ್ಕಿರುವವರ ಒಪ್ಪಿಗೆ ಪಡೆದು, ನಾಲ್ಕೂ ದಡ ಕಣ್ಣಿಗೆ ಕಾಣುವ ಕೆರೆಯೊಂದನ್ನು ಆರಿಸಿಕೊಳ್ಳಲಿ. ಗಾಳಿ ಎಲ್ಲಿಗೆ ಒಯ್ದರೂ ಅದು ನಡೆದು ಮರಳುವ ದೂರವೇ. ಕೊಳ್ಳುವ ಮುಂಚೆ, ಬೇಲೂರಿನ ಯಗಚಿ ಜಲಾಶಯದಲ್ಲಿ ನಡೆಯುವಂಥ ಜಲಕ್ರೀಡೆಯ ಕೇಂದ್ರಕ್ಕೆ ಹೋಗಿ, ಒಂದು ಗಂಟೆ ಹುಟ್ಟು ಹಾಕಿ ನೋಡಿದರೆ ತಮ್ಮ ತೋಳಿನ ಬಲ ತಮಗೇ ತಿಳಿಯುತ್ತದೆ.

ಅಣ್ಣತಮ್ಮಂದಿರಿಗೆ ತೋಟದ ಪಿಕಪ್ಪು ಇದೆ, ನೀರು ಮನೆಯಿಂದ ಹತ್ತು ನಿಮಿಷ. ಇಬ್ಬರು ಕೂರುವ ಕಯಾಕ್ ಬೇಕೆಂದು ಅವರ ಮನಸ್ಸು. ನಾನು ಬೇಡವೆನ್ನುತ್ತೇನೆ. ಒಂದೇ ದೋಣಿಯಲ್ಲಿ ಇಬ್ಬರು ಕೋಲು ಬೀಸಿದರೆ ಒಬ್ಬರ ಗಾಳ ಇನ್ನೊಬ್ಬರ ಬೆನ್ನಿಗೆ ಬೀಳುತ್ತದೆ, ಮಗುಚಿದರೆ ಇಬ್ಬರೂ ನೀರಿನಲ್ಲಿ. ಒಬ್ಬರು ಕೂರುವ ಗಟ್ಟಿ ಕಯಾಕ್ ಒಂದನ್ನು ಈ ವರ್ಷ ಕೊಂಡು, ಒಬ್ಬ ನೀರಿನ ಮೇಲಿರುವಾಗ ಇನ್ನೊಬ್ಬ ದಂಡೆಯಲ್ಲಿ ಗಾಳ ಹಾಕುತ್ತ ಕಣ್ಣಿಟ್ಟಿರಲಿ. ಒಂದು ಋತು ಹೀಗೆ ಕಳೆದ ಮೇಲೆ ಎರಡನೆಯದು ಬೇಕೋ ಬೇಡವೋ ಎಂಬುದು ಅವರಿಗೇ ಗೊತ್ತಾಗುತ್ತದೆ. ಹಣ ಸಾಲದೆ ಹೋದರೆ ಕಯಾಕಿನ ಬೆಲೆಯಲ್ಲಿ ಇಳಿಸಿಕೊಳ್ಳಲಿ, ಜಾಕೆಟ್ಟಿನಲ್ಲಿ ಬೇಡ.

ಯಾವುದನ್ನೇ ಆರಿಸಿದರೂ ಕಿರುಬೆರಳುದ್ದದ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡಲ್ಲಿ ಗಾಳ ಹಾಕಬೇಡಿ. ಅದರ ಕೆಳಗೆ ಕೊರವದ ತಂದೆ ತಾಯಿ ಕಾವಲಿರುತ್ತವೆ, ಸಿಟ್ಟಿಗೆ ಯಾವ ಎರೆಗಾದರೂ ಬಾಯಿ ಹಾಕುತ್ತವೆ. ಅವನ್ನು ಹಿಡಿದರೆ ಆ ಮರಿಗಳಷ್ಟೂ ಬೇರೆ ಮೀನುಗಳ ಪಾಲು.

ಕೊಳ್ಳುವ ಕಾಲದ ಬಗ್ಗೆಯೂ ಕೇಳಿದ್ದಾರೆ. ಅಕ್ಟೋಬರಿನಲ್ಲಿ ನೀರು ತುಂಬಿರುವುದನ್ನು ಕಂಡು ಆತುರಪಡುವ ಬದಲು ಏಪ್ರಿಲ್‌ವರೆಗೆ ಕಾಯಬಹುದಾದರೆ ಕಾಯಿರಿ. ಆಗ ನೀರು ಇಳಿದು, ಮುಂದೆ ನೀವು ತೇಲಲಿರುವ ನೆಲವೇ ಬಿಸಿಲಿಗೆ ಬಿದ್ದಿರುತ್ತದೆ. ಹೂಳು ಗಟ್ಟಿಯಾಗಿರುವ ಕಡೆ ನಿಧಾನವಾಗಿ ಓಡಾಡಿ, ಮುಳುಗಡೆಯಾದ ಊರಿನ ಗೋಡೆ, ಹಾಳುಬಾವಿ, ಮರದ ಬೊಡ್ಡೆಗಳ ಸಾಲು, ಹಳೆಯ ರಸ್ತೆಯ ಏರಿ, ನದಿಯ ನಿಜವಾದ ಪಾತ್ರ ಎಲ್ಲವನ್ನೂ ನೋಡಿ ಫೋನಿನಲ್ಲಿ ಜಾಗ ಗುರುತಿಸಿಟ್ಟುಕೊಳ್ಳಿ. ಗಾಳಿ ತುಂಬಿದ ತಳವನ್ನು ಸೀಳುವ ಬೊಡ್ಡೆ ಯಾವುದೆಂದು ಆ ನಕ್ಷೆ ಹೇಳುತ್ತದೆ. ಅದೇ ಬೊಡ್ಡೆಯ ನೆರಳಿನಲ್ಲಿ ನವೆಂಬರಿಗೆ ಕೊರವ ನಿಂತಿರುತ್ತದೆ.